ದೊಡ್ಡದಕ್ಕೆ ಎರಡು ವರ್ಷ, ಈಗ ಇನ್ನೊಂದು: ಡಬಲ್ ಬಗ್ಗಿ ಕೊಳ್ಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್‌ನಲ್ಲಿರುವ ಕನ್ನಡ ಮನೆಗಳಲ್ಲಿ ಎರಡನೇ ಮಗುವಿನ ಸುದ್ದಿ ಬಂತೆಂದರೆ ಡಬಲ್ ಬಗ್ಗಿಯ, ಅಂದರೆ ಇಬ್ಬರು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯ, ಮಾತು ಶುರುವಾಗುತ್ತದೆ. ಊರಿನಲ್ಲಾದರೆ ಎತ್ತಿಕೊಳ್ಳುವ ಕೈಗಳು ಬೇಕಾದಷ್ಟಿರುತ್ತವೆ. ಇಲ್ಲಿ ಇರುವುದು ಎರಡು, ಬಹಳ ಎಂದರೆ ನಾಲ್ಕು. ಕೆಳಗಿನ ಉತ್ತರಗಳನ್ನೆಲ್ಲ ಒಂದು ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಾಣಂತನಕ್ಕೆ ಬಂದಿದ್ದ ಅಮ್ಮ ಊರಿಗೆ ಹೊರಟುಹೋಗಿದ್ದಾರೆ. ಗಂಡ ಆಫೀಸಿನಲ್ಲಿದ್ದಾರೆ. ಹೊರಗೆ ಮಳೆ. ದೊಡ್ಡವನನ್ನು ಒಂಬತ್ತಕ್ಕೆ ನರ್ಸರಿಗೆ ಬಿಡಬೇಕು. ಆ ದಿನ ಕೆಲಸಕ್ಕೆ ಬರುವ ಗಾಡಿಯೇ ಸರಿಯಾದ ಗಾಡಿ. ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ.

ನಮಗೆ ನಿಜವಾಗಿಯೂ ಡಬಲ್ ಬೇಕಾ?

ಇಬ್ಬರ ನಡುವೆ ಎಷ್ಟು ಅಂತರ ಅನ್ನುವುದರ ಮೇಲಿದೆ. ಚಿಕ್ಕದು ಹುಟ್ಟುವಾಗ ದೊಡ್ಡದಕ್ಕೆ ಎರಡು ವರ್ಷ ತುಂಬಿರದಿದ್ದರೆ ಬೇಕಾಗುತ್ತದೆ, ಯೋಚಿಸುವ ಅಗತ್ಯವೇ ಇಲ್ಲ. ಮೂರು ದಾಟಿದ್ದರೆ ಸಾಮಾನ್ಯವಾಗಿ ಬೇಡ. ಮಗು ನಿಲ್ಲಲು ಗಾಡಿಯ ಹಿಂದೆ ಸಿಕ್ಕಿಸುವ ಹಲಗೆ, ಅಂದರೆ ಬಗ್ಗಿ ಬೋರ್ಡ್, ಸಾಕು. ತಲೆನೋವು ಇರುವುದು ಎರಡರಿಂದ ಮೂರರ ನಡುವಿನವರದ್ದು.

ಅಲ್ಲಿ ನೋಡಬೇಕಾದದ್ದು ವಯಸ್ಸಲ್ಲ, ನಡಿಗೆ. ನಿಮ್ಮ ಮಗು ಮನೆಯಿಂದ ನರ್ಸರಿಗೆ, ಇಲ್ಲವೇ ನೀವು ದಿನಾ ಹೋಗುವ ಅಂಗಡಿಗೆ, ಪೂರ್ತಿ ನಡೆದು ಹೋಗಿ ಪೂರ್ತಿ ನಡೆದು ಬರುತ್ತದಾ? ಹೋಗುವಾಗ ಎಲ್ಲರೂ ನಡೆಯುತ್ತಾರೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ‘ಎತ್ಕೋ’ ಎಂದು ಕೈ ಚಾಚಿ ನಿಲ್ಲುವುದು ಅಲ್ವಾ ಸಮಸ್ಯೆ? ಜೊತೆಗೆ ರಸ್ತೆ ಪಕ್ಕ ಕೈ ಬಿಡಿಸಿಕೊಂಡು ಓಡುವ ಸ್ವಭಾವದ ಮಗುವಾದರೆ, ಎಷ್ಟೇ ಚೆನ್ನಾಗಿ ನಡೆಯಲಿ, ಬೆಲ್ಟ್ ಇರುವ ಸೀಟು ಬೇಕು. ನಿಮ್ಮ ಒಂದು ಕೈ ಯಾವಾಗಲೂ ಗಾಡಿಯ ಹಿಡಿಯ ಮೇಲೇ ಇರುತ್ತದೆ.

ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಿ. ಈಗ 22 ತಿಂಗಳಿನ ಮಗುವಿಗೆ ಇನ್ನೊಂದು ವರ್ಷಕ್ಕೆ ಹೆಚ್ಚುಕಡಿಮೆ ಮೂರು. ಅಂದರೆ ಎರಡೂ ಸೀಟು ಒಟ್ಟಿಗೆ ಬಳಕೆಯಾಗುವುದು ಒಂದು, ಒಂದೂವರೆ ವರ್ಷ. ಅಷ್ಟು ದಿನಕ್ಕೆ ಎಷ್ಟು ಪೌಂಡ್ ಹಾಕಬಹುದು ಅನ್ನುವುದನ್ನು ಅಂಗಡಿಗೆ ಹೋಗುವ ಮುಂಚೆಯೇ ಗಂಡ ಹೆಂಡತಿ ಮಾತಾಡಿಕೊಳ್ಳಿ. ಹೋದ ಮೇಲೆ ಮಾತಾಡುವವರು ಸೇಲ್ಸ್‌ನವರು.

ಅಮ್ಮ ಬರುತ್ತಾರಲ್ಲ, ಒಂದನ್ನು ಅವರು ಎತ್ತಿಕೊಳ್ಳುತ್ತಾರೆ. ಆಮೇಲೆ ಕೊಂಡರೆ ಆಗದಾ?

ಆಗುತ್ತದೆ. ಎಷ್ಟೋ ಮನೆಗಳಿಗೆ ಅದೇ ಒಳ್ಳೆಯದು ಕೂಡ. ಇಲ್ಲಿನ ವಿಸಿಟರ್ ವೀಸಾದಲ್ಲಿ ಒಂದು ಸಲ ಬಂದವರು ಇರಬಹುದಾದದ್ದು ಸಾಮಾನ್ಯವಾಗಿ 6 ತಿಂಗಳು. ಅಷ್ಟರಲ್ಲಿ ದೊಡ್ಡದರ ನಡಿಗೆ ಎಲ್ಲಿಗೆ ಬಂತು, ನಿಮ್ಮ ದಿನದ ದಾರಿ ಯಾವುದು ಎಂದು ಗೊತ್ತಾಗಿರುತ್ತದೆ. ಮನೆಯಲ್ಲಿ ಈಗಾಗಲೇ ಪೂರ್ತಿ ಚಪ್ಪಟೆಯಾಗಿ ಮಲಗಿಸಬಹುದಾದ ಸಿಂಗಲ್ ಇದ್ದರೆ ಚಿಕ್ಕದಕ್ಕೆ ಅದು ಸಾಕು.

ಆದರೆ ಅಮ್ಮನನ್ನು ಲೆಕ್ಕಕ್ಕೆ ಸೇರಿಸುವಾಗ ಒಂದಿಷ್ಟು ಕರುಣೆಯೂ ಇರಲಿ. ಅರವತ್ತು ದಾಟಿದವರು ನವೆಂಬರ್‌ನ ಒದ್ದೆ ಎಲೆಗಳ ಮೇಲೆ 12 ಕೆಜಿಯ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ನಡೆಯುವುದು ಬೇಡ. ಮಂಡಿನೋವು ಇದ್ದರೂ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸಿಸೇರಿಯನ್ ಆಗಿದ್ದರೆ ಮೊದಲ ಕೆಲವು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡಿ ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ಅಂದರೆ ನೀವೂ ದೊಡ್ಡದನ್ನು ಎತ್ತುವ ಹಾಗಿಲ್ಲ, ಗಾಡಿಯನ್ನು ಕಾರಿಗೆ ಹಾಕುವ ಹಾಗೂ ಇಲ್ಲ. ಆ ವಾರಗಳಿಗೆ ಯಾರಿಂದಾದರೂ ಒಂದು ಡಬಲ್ ಕಡ ಸಿಕ್ಕರೆ ಬಿಡಬೇಡಿ.

ಅಕ್ಕಪಕ್ಕದ್ದಾ, ಹಿಂದೆಮುಂದೆಯದ್ದಾ, ಸಿಂಗಲ್ಲೇ ಡಬಲ್ ಆಗುವುದಾ?

ಈ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಅಕ್ಕಪಕ್ಕ ಸೀಟಿರುವುದನ್ನು ತಳ್ಳುವುದು ಸುಲಭ. ಚಕ್ರಗಳ ನಡುವೆ ಅಗಲ ಇರುವುದರಿಂದ ಗಟ್ಟಿಯಾಗಿ ನಿಲ್ಲುತ್ತದೆ. ಫುಟ್‌ಪಾತ್‌ನ ಅಂಚಿಗೆ ಬಂದಾಗ ಹಿಡಿಯನ್ನು ಒತ್ತಿದರೆ ಮುಂದಿನ ಚಕ್ರ ತಾನಾಗಿ ಏಳುತ್ತದೆ. ಇಬ್ಬರಿಗೂ ಒಂದೇ ಅಳತೆಯ ಜಾಗ, ಒಂದೇ ನೋಟ. ಜಗಳ ಆಡುವುದಕ್ಕೂ ಅನುಕೂಲ, ಅದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಕೈ ಪಕ್ಕದ ಸೀಟಿಗೆ ಆರಾಮವಾಗಿ ಎಟುಕುತ್ತದೆ. ಒಂದು ಕಡೆ 12 ಕೆಜಿ, ಇನ್ನೊಂದು ಕಡೆ 4 ಕೆಜಿ ಇರುವ ಮೊದಲ ತಿಂಗಳುಗಳಲ್ಲಿ ಗಾಡಿ ಭಾರದ ಕಡೆಗೆ ಸ್ವಲ್ಪ ಎಳೆಯುತ್ತದೆ. ಅಡ್ಡಲಾಗಿ ಒಂದೇ ಹಿಡಿ ಇರುವ ಮಾಡೆಲ್‌ಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕೊಡೆಯ ಹಿಡಿಯಂಥ ಎರಡು ಹಿಡಿ ಇರುವ ಹಗುರ ಗಾಡಿಗಳಲ್ಲಿ ಕೈಗೆ ಗೊತ್ತಾಗುತ್ತದೆ.

ಹಿಂದೆಮುಂದೆ ಸೀಟಿರುವುದು ಸಿಂಗಲ್‌ನಷ್ಟೇ ಅಗಲ. ಇಕ್ಕಟ್ಟಿನ ಅಂಗಡಿ, ಹಳೆಯ ಮನೆಯ ಬಾಗಿಲು, ಜಿಪಿಯ, ಅಂದರೆ ಊರಿನ ಡಾಕ್ಟರ, ಕಾಯುವ ಕೋಣೆ, ಎಲ್ಲ ಕಡೆ ನುಗ್ಗುತ್ತದೆ. ಕಷ್ಟ ಬರುವುದು ತಿರುವಿನಲ್ಲಿ ಮತ್ತು ಅಂಚಿನಲ್ಲಿ. ಉದ್ದ ಜಾಸ್ತಿ, ಭಾರ ಮುಂದೆ. ಹಿಡಿಯನ್ನು ಒತ್ತಿ ಮುಂಚಕ್ರ ಎತ್ತಲು ತೋಳಿಗೆ ಕೆಲಸ. ಹಿಂದಿನ ಸೀಟಿನವರಿಗೆ ಮುಂದಿನ ಸೀಟಿನ ಬೆನ್ನು ಬಿಟ್ಟರೆ ಜಾಸ್ತಿ ಏನೂ ಕಾಣುವುದಿಲ್ಲ. ಮುಂದಿರುವ ಮಗು ಸೀಟನ್ನು ಹಿಂದಕ್ಕೆ ಒರಗಿಸಿಕೊಂಡರೆ ಹಿಂದಿನವರ ಕಾಲಿನ ಜಾಗವೂ ಹೋಗುತ್ತದೆ.

ಮೂರನೆಯದು ಮೊದಲು ಸಿಂಗಲ್ ಆಗಿದ್ದು, ಎರಡನೇ ಸೀಟು ಸಿಕ್ಕಿಸಿದರೆ ಡಬಲ್ ಆಗುವುದು. ಅಪ್ಪಾಬೇಬಿ ವಿಸ್ತಾ, ಐಕ್ಯಾಂಡಿಯ ಕೆಲವು ಮಾಡೆಲ್‌ಗಳು ಹೀಗೆ ಮೇಲೆ ಒಂದು, ಕೆಳಗೆ ಒಂದು. ಬುಗಾಬೂ ಡಾಂಕಿ ಅಗಲಕ್ಕೆ ಹಿಗ್ಗುತ್ತದೆ. ಸಿಂಗಲ್ ಆಗಿದ್ದಾಗ 60 ಸೆಂ.ಮೀ., ಡಬಲ್ ಆದಾಗ 74. ದೊಡ್ಡದು ನರ್ಸರಿಯಲ್ಲಿರುವ ಹೊತ್ತಿಗೆ ಇದನ್ನು ಸಿಂಗಲ್ ಮಾಡಿಕೊಂಡು ಓಡಾಡಬಹುದು. ಮೇಲೆ ಕೆಳಗೆ ಇರುವ ಬಗೆಯಲ್ಲಿ ಕೆಳಗಿನ ಸೀಟಿನ ತೂಕದ ಮಿತಿಯನ್ನು ಬೇರೆಯಾಗಿ ನೋಡಿ. ವಿಸ್ತಾದ ಕೆಳಗಿನ ಸೀಟಿಗೆ ಅದು ಸುಮಾರು 16 ಕೆಜಿ, ಮೇಲಿನದಕ್ಕಿಂತ ಕಡಿಮೆ. ಕಾಲು ಉದ್ದವಿರುವ ಮಗು ಕೆಳಗೆ ಕೂತರೆ ಮಡಚಿ ಕೂರಬೇಕು. ಸಾಮಾನಿನ ಬುಟ್ಟಿಗೆ ಕೈ ಹಾಕಲೂ ಜಾಗ ಉಳಿಯುವುದಿಲ್ಲ.

ನನ್ನ ಒಲವು ಕೇಳಿದರೆ, ಮನೆಯ ಬಾಗಿಲು ಒಪ್ಪುವುದಾದರೆ ಅಕ್ಕಪಕ್ಕದ್ದೇ. ದಿನವೂ ಮೈಲಿಗಟ್ಟಲೆ ತಳ್ಳುವವರ ಭುಜ ಉಳಿಯುತ್ತದೆ. ಬಸ್ಸು, ಚಿಕ್ಕ ಅಂಗಡಿಗಳೇ ಬದುಕಾಗಿದ್ದರೆ ಉದ್ದನೆಯದು.

ಎಷ್ಟು ಅಗಲ ಇದ್ದರೆ ಮನೆಯೊಳಗೆ ಬರುತ್ತದೆ?

ಟೇಪು ಹಿಡಿದು ಅಳೆಯಿರಿ. ಅಂದಾಜು ಬೇಡ.

ಇಲ್ಲಿನ ಮನೆಗಳ ಒಳಬಾಗಿಲಿನ ಹಲಗೆ ಸಾಮಾನ್ಯವಾಗಿ 762 ಮಿ.ಮೀ. ಆದರೆ ಗಾಡಿ ಹಾದುಹೋಗುವುದು ಹಲಗೆಯ ಅಗಲದಲ್ಲಲ್ಲ, ತೆರೆದಾಗ ಉಳಿಯುವ ಸಂದಿಯಲ್ಲಿ. ಬಾಗಿಲಿನ ದಪ್ಪ, ಚೌಕಟ್ಟಿನ ಪಟ್ಟಿ ಎರಡೂ ಸೇರಿ ಕೆಲವು ಸೆಂಟಿಮೀಟರ್ ತಿಂದುಬಿಡುತ್ತವೆ. ಇಂಗ್ಲೆಂಡಿನಲ್ಲಿ ಈಗ ಕಟ್ಟುವ ಹೊಸ ಮನೆಗಳ ಮುಂಬಾಗಿಲಿಗೆ ಕನಿಷ್ಠ 775 ಮಿ.ಮೀ. ಸಂದಿ ಇರಬೇಕೆಂಬ ನಿಯಮವಿದೆ. ಆದ್ದರಿಂದ ಹೊಸ ವಸತಿ ಬಡಾವಣೆಗಳಲ್ಲಿ 74 ಸೆಂ.ಮೀ. ಗಾಡಿ ಒಳಗೆ ಬರುತ್ತದೆ, ಬೆರಳಿನ ಗೆಣ್ಣು ಚೌಕಟ್ಟಿಗೆ ತಗುಲದಂತೆ ನೋಡಿಕೊಂಡರೆ. ಸಾಲಾಗಿ ಅಂಟಿಕೊಂಡಿರುವ ನೂರು ವರ್ಷದ ಹಳೆಯ ಟೆರೇಸ್ ಮನೆಗಳಲ್ಲಿ ಮುಂಬಾಗಿಲು ದಾಟಿದರೂ ಒಳಗಿನ ಓಣಿಯಂಥ ಹಾಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಗೋಡೆಗೆ ಅಂಟಿದ ರೇಡಿಯೇಟರ್, ಅದರ ಕೆಳಗೆ ಚಪ್ಪಲಿ ರಾಶಿ.

ಬಾಗಿಲನ್ನು ನೇರ ತೆರೆದು ಅತಿ ಇಕ್ಕಟ್ಟಾದ ಜಾಗದಲ್ಲಿ ಅಳೆಯಿರಿ. ಗಾಡಿಯ ಅಗಲ ಅದಕ್ಕಿಂತ ಕನಿಷ್ಠ 2 ಸೆಂ.ಮೀ. ಕಡಿಮೆ ಇರಲಿ. ಆಮೇಲೆ ನರ್ಸರಿಯ ಗೇಟು, ನಿಮ್ಮ ಫ್ಲಾಟಿನ ಲಿಫ್ಟ್. ಲಿಫ್ಟಿನ ಬಾಗಿಲು ಮಾತ್ರವಲ್ಲ, ಒಳಗಿನ ಆಳವನ್ನೂ ಅಳೆಯಿರಿ. ಹಿಂದೆಮುಂದೆಯ ಗಾಡಿ ಒಳಗೆ ಹೋಗಿ ನೀವು ಹೊರಗೇ ಉಳಿಯುವಂತಾಗಬಾರದು.

ಫ್ಲಾಟಿನ ಕಾರಿಡಾರ್‌ನಲ್ಲೇ ಬಿಟ್ಟರೆ?

ಬಿಡಬೇಡಿ. ಬೆಂಕಿ ಬಿದ್ದರೆ ಎಲ್ಲರೂ ಓಡುವ ದಾರಿ ಅದು. ಎಷ್ಟೋ ಕಟ್ಟಡಗಳಲ್ಲಿ ನೋಟಿಸ್ ಅಂಟಿಸಿ ತೆಗೆದುಕೊಂಡು ಹೋಗಿಬಿಡುತ್ತಾರೆ. ಮಡಿಸಿ ನಿಲ್ಲಿಸಿದರೆ ತಾನಾಗಿ ನಿಲ್ಲುವ ಗಾಡಿಯಾದರೆ ಮನೆಯೊಳಗೆ ಬಾಗಿಲ ಹಿಂದೆ ಇಡಬಹುದು.

ಹಸುಗೂಸನ್ನು ಮೊದಲ ದಿನದಿಂದಲೇ ಡಬಲ್‌ನಲ್ಲಿ ಮಲಗಿಸಬಹುದಾ?

ಸೀಟು ಪೂರ್ತಿ ಚಪ್ಪಟೆಯಾದರೆ, ಇಲ್ಲವೇ ತೊಟ್ಟಿಲಿನಂಥ ಕ್ಯಾರಿಕಾಟ್ ಕೂರಿಸಿದರೆ ಮಲಗಿಸಬಹುದು. ಆಸರೆ ಇಲ್ಲದೆ ಕೂರುವವರೆಗೆ, ಅಂದರೆ ಸುಮಾರು ಆರು ತಿಂಗಳವರೆಗೆ, ಕೂಸು ಮಲಗಿಯೇ ಹೋಗಬೇಕು. ಕತ್ತು ನಿಲ್ಲದ ಕೂಸು ಕೂತ ಭಂಗಿಯಲ್ಲಿ ನಿದ್ದೆ ಹೋದರೆ ಗಲ್ಲ ಎದೆಗೆ ಬಿದ್ದು ಉಸಿರಿನ ದಾರಿ ಕಿರಿದಾಗುತ್ತದೆ.

ಡಬ್ಬಿಯ ಮೇಲೆ ‘ಹುಟ್ಟಿದಾಗಿನಿಂದ’ ಎಂದು ಬರೆದಿದ್ದರೆ ಎರಡೂ ಸೀಟಿಗಾ, ಒಂದೇ ಸೀಟಿಗಾ ಎಂದು ಕೇಳಿ. ಹಿಂದೆಮುಂದೆಯ ಗಾಡಿಗಳಲ್ಲಿ ಎಷ್ಟೋ ಸಲ ಒಂದೇ ಸೀಟು ಚಪ್ಪಟೆಯಾಗುತ್ತದೆ. ಕ್ಯಾರಿಕಾಟ್ ಹಾಕಿದಾಗ ದೊಡ್ಡದರ ಸೀಟು ಎಲ್ಲಿ, ಯಾವ ದಿಕ್ಕಿಗೆ ಕೂರಬೇಕು ಅನ್ನುವ ಪಟ್ಟಿ ಕೈಪಿಡಿಯಲ್ಲಿರುತ್ತದೆ. ಕೊಳ್ಳುವ ಮುಂಚೆ ಅದನ್ನೇ ನೋಡಿ. ಕಂಪನಿಯ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತದೆ.

ಕೂಸಿನ ಕಾರ್ ಸೀಟನ್ನೇ ಗಾಡಿಗೆ ಸಿಕ್ಕಿಸಿದರೆ ಕ್ಯಾರಿಕಾಟ್ ಖರ್ಚು ಉಳಿಯುತ್ತದಲ್ಲ?

ಕಾರಿನಿಂದ ಡಾಕ್ಟರ ಬಾಗಿಲಿಗೆ, ಡಾಕ್ಟರಿಂದ ಕಾರಿಗೆ, ಅಷ್ಟಕ್ಕೆ ಚೆನ್ನ. ಶಾಪಿಂಗ್ ಮಾಲ್‌ನಲ್ಲಿ ಮಧ್ಯಾಹ್ನವೆಲ್ಲ ಸುತ್ತಲು ಅಲ್ಲ. ಕಾರ್ ಸೀಟಿನಲ್ಲಿ ಒಮ್ಮೆಗೆ 2 ಗಂಟೆಗಿಂತ ಜಾಸ್ತಿ ಬೇಡ, ಮೊದಲ ನಾಲ್ಕು ವಾರದ ಕೂಸಿಗೆ 30 ನಿಮಿಷ ಸಾಕು ಎನ್ನುತ್ತದೆ ಕೂಸುಗಳ ಸುರಕ್ಷಿತ ನಿದ್ದೆಗಾಗಿ ಕೆಲಸ ಮಾಡುವ ಇಲ್ಲಿನ ಲಲಬೈ ಟ್ರಸ್ಟ್. ಕಾರಿನಲ್ಲಿ ಕಳೆದ ಹೊತ್ತೂ ಈ ಲೆಕ್ಕಕ್ಕೇ ಸೇರುತ್ತದೆ.

ತೂಕದ ಮಿತಿ 15 ಕೆಜಿ ಅಂತಿದೆ, 22 ಅಂತಲೂ ಇದೆ. ಯಾವುದು ನೋಡಲಿ?

ಎರಡು ವರ್ಷದ ಮಗುವಿನ ತೂಕ ಸಾಮಾನ್ಯವಾಗಿ 12 ಕೆಜಿಯ ಆಸುಪಾಸು, ಮೂರಕ್ಕೆ 14, ನಾಲ್ಕಕ್ಕೆ 16. ಯುರೋಪಿನ ಇಎನ್ 1888 ಮಾನದಂಡದ ಮೊದಲ ಭಾಗ 15 ಕೆಜಿವರೆಗಿನ ಮಕ್ಕಳ ಗಾಡಿಗೆ, ಎರಡನೇ ಭಾಗ 22 ಕೆಜಿವರೆಗಿನದಕ್ಕೆ. ಅಂದರೆ 15 ಕೆಜಿ ಸೀಟು ಮೂರೂವರೆ ವರ್ಷದ ಹೊತ್ತಿಗೆ ಮುಗಿಯಬಹುದು. ಮಗು ದಪ್ಪವಿದ್ದರೆ ಇನ್ನೂ ಬೇಗ. ಚಿಕ್ಕದೂ ಆ ಗಾಡಿಯಲ್ಲೇ ಬೆಳೆಯಲಿ ಎಂದಿದ್ದರೆ 22ರದ್ದೇ ನೋಡಿ.

ಒಟ್ಟು ಭಾರವನ್ನೂ ಒಮ್ಮೆ ಕೂಡಿಸಿ ನೋಡಿ. ಮೂರು ವರ್ಷದ್ದು 14 ಕೆಜಿ, ಒಂದು ವರ್ಷದ್ದು 9, ಗಾಡಿ 14, ಬುಟ್ಟಿಯಲ್ಲಿ ಹಾಲು, ಡಯಾಪರ್, ಟಿಫಿನ್ ಸೇರಿ 4. ನಲವತ್ತು ದಾಟಿತು. ಅರ್ಧ ಮೂಟೆ ಸಿಮೆಂಟನ್ನು ದಿಬ್ಬ ಹತ್ತಿಸುವುದಕ್ಕಿಂತ ಹೆಚ್ಚು! ಶೆಫೀಲ್ಡ್, ಬ್ರಿಸ್ಟಲ್‌ನಂಥ ಏರಿಳಿತದ ಊರಿನವರು ಬ್ರೇಕ್ ಮತ್ತು ಮಣಿಕಟ್ಟಿಗೆ ಹಾಕುವ ಪಟ್ಟಿ ಎರಡನ್ನೂ ಮೊದಲು ನೋಡಿ, ಬಣ್ಣ ಆಮೇಲೆ.

ಚಕ್ರದಲ್ಲಿ ವ್ಯತ್ಯಾಸ ಇದೆಯಾ?

ಇದೆ. ದಪ್ಪ, ಗಾಳಿ ತುಂಬಿದ ಚಕ್ರ ಪಾರ್ಕಿನ ಹುಲ್ಲು, ಕೆಸರು, ಇಟ್ಟಿಗೆ ಹಾಸಿನ ಮೇಲೆ ಹಾಯಾಗಿ ಹೋಗುತ್ತದೆ. ಪಂಚರ್ ಆಗುತ್ತದೆ, ಅದೊಂದೇ ಕಿರಿಕಿರಿ. ಫೋಮ್ ಚಕ್ರಕ್ಕೆ ಆ ಕಾಟವಿಲ್ಲ, ಕುಲುಕಾಟ ಸ್ವಲ್ಪ ಜಾಸ್ತಿ. ಸಣ್ಣ ಪ್ಲಾಸ್ಟಿಕ್ ಜೋಡಿ ಚಕ್ರಗಳು ಮಾಲ್‌ಗೆ ಮಾತ್ರ. ಊರಿಂದ ಬಂದವರನ್ನು ಲ್ಯಾಂಬೆತ್‌ನ ಬಸವಣ್ಣನ ಪ್ರತಿಮೆಗೆ ಕರೆದೊಯ್ಯುತ್ತೀರಲ್ಲ, ಥೇಮ್ಸ್ ದಂಡೆಯ ಅಂಥ ಸಮತಟ್ಟು ಹಾದಿಯಲ್ಲಿ ಯಾವ ಚಕ್ರವಾದರೂ ನಡೆಯುತ್ತದೆ. ಅದೇ ಚಕ್ರವನ್ನು ಹ್ಯಾಂಪ್‌ಸ್ಟೆಡ್ ಹೀತ್‌ನ ಕೆಸರಿಗೆ ಇಳಿಸಿದರೆ ನಿಜ ಬಣ್ಣ ಗೊತ್ತಾಗುತ್ತದೆ.

ಬಸ್ಸಿನಲ್ಲಿ ಡಬಲ್ ಬಿಡುತ್ತಾರಾ?

ಜಾಗ ಇದ್ದರೆ. ಗಾಡಿ ನಿಲ್ಲಿಸುವ ಆ ಜಾಗ ವೀಲ್‌ಚೇರ್‌ನವರಿಗೆ ಮೀಸಲು. ಅವರು ಹತ್ತಿದರೆ ನೀವು ಸರಿಯಬೇಕು, ಇಲ್ಲವೇ ಮಡಿಸಬೇಕು. ಈ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 2012ರಲ್ಲಿ ಯಾರ್ಕ್‌ಷೈರ್‌ನ ವೆದರ್‌ಬಿಯಿಂದ ಲೀಡ್ಸ್‌ಗೆ ಹೊರಟ ಬಸ್ಸಿನಲ್ಲಿ, ಮಗು ಮಲಗಿದ್ದ ಬಗ್ಗಿಯನ್ನು ತಾಯಿ ಸರಿಸಲಿಲ್ಲ. ವೀಲ್‌ಚೇರ್‌ನಲ್ಲಿದ್ದ ಡಗ್ ಪಾಲಿ ಬಸ್ಸು ಹತ್ತಲಾಗದೆ ಉಳಿದರು, ಕೇಸು ಹಾಕಿದರು. 2017ರ ಜನವರಿಯಲ್ಲಿ ಬಂದ ತೀರ್ಪು ಹೇಳಿದ್ದು ಇಷ್ಟು: ಡ್ರೈವರ್ ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ಸರಿಯುವಂತೆ ಒತ್ತಾಯಿಸುವ ಕ್ರಮವನ್ನೂ ಯೋಚಿಸಬೇಕು. ನನಗೆ ಆ ತೀರ್ಪು ನ್ಯಾಯವಾಗಿಯೇ ಕಾಣುತ್ತದೆ. ನಮ್ಮ ಗಾಡಿ ಮಡಿಸಬಹುದು, ಅವರದ್ದು ಆಗುವುದಿಲ್ಲ.

ಹಾಗಾಗಿ ಬಸ್ಸೇ ನಿಮ್ಮ ವಾಹನವಾದರೆ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಮಡಿಸಲು ಬರುವ ಗಾಡಿ ಬೇಕು. ದೊಡ್ಡ ಡಬಲ್‌ಗಳಲ್ಲಿ ಹಾಗೆ ಮಡಿಸಲು ಬರುವುದು ಬಹಳ ಕಡಿಮೆ. ಅಕ್ಕಪಕ್ಕದ ಡಬಲ್ ಅನ್ನು ಮಡಿಸಿಯೇ ಹತ್ತಿ ಎನ್ನುವ ಬಸ್ ಕಂಪನಿಗಳೂ ಕೆಲವಿವೆ, ನಿಮ್ಮ ಊರಿನದ್ದು ಏನನ್ನುತ್ತದೆ ಎಂದು ಕೇಳಿಕೊಳ್ಳಿ.

ಟ್ಯೂಬ್, ರೈಲು?

ಲಂಡನ್ನಿನ ಸುರಂಗ ರೈಲಾದ ಟ್ಯೂಬ್‌ನ ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದವು ಸುಮಾರು ಮೂರರಲ್ಲಿ ಒಂದು. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ನಲ್ಲಿ ಎಲ್ಲ ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲ. ರೆಡಿಂಗ್, ಸ್ಲೌ, ಹೇಯ್ಸ್, ಇಲ್ಫರ್ಡ್ ಕಡೆಯ ನಮ್ಮವರಿಗೆ ಇದು ದೊಡ್ಡ ಅನುಕೂಲ. ಕೆಲವು ಕಡೆ ಪ್ಲಾಟ್‌ಫಾರ್ಮ್‌ಗೂ ರೈಲಿಗೂ ನಡುವೆ ಒಂದು ಮೆಟ್ಟಿಲಿನಷ್ಟು ಎತ್ತರ ಇರುತ್ತದೆ, ಗಮನವಿರಲಿ. ಎಸ್ಕಲೇಟರ್ ಮೇಲೆ ಮಕ್ಕಳ ಸಮೇತ ಗಾಡಿ ಹತ್ತಿಸಬೇಡಿ, ಲಿಫ್ಟಿಗೆ ಎಷ್ಟೇ ಕ್ಯೂ ಇರಲಿ. ಪ್ಲಾಟ್‌ಫಾರ್ಮ್‌ನಲ್ಲಿ ಬ್ರೇಕ್ ಹಾಕಿ, ಚಕ್ರಗಳು ಹಳಿಯ ಕಡೆಗೆ ಮುಖ ಮಾಡದೆ ಹಳಿಯ ಉದ್ದಕ್ಕೆ ಇರುವಂತೆ ನಿಲ್ಲಿಸಿ. ನೆಲ ಸಮ ಇದೆ ಎಂದು ಕಣ್ಣಿಗೆ ಅನ್ನಿಸಿದರೂ ಇಳಿಜಾರು ಇರಬಹುದು.

ಬಗ್ಗಿ ಬೋರ್ಡ್ ಸಾಕಾಗುವುದಿಲ್ಲವಾ?

ಎರಡೂವರೆ ದಾಟಿ, ಹೇಳಿದ ಮಾತು ಕೇಳುವ ಮಗುವಾದರೆ ಸಾಕು. ಇರುವ ಸಿಂಗಲ್‌ನ ಹಿಂದೆ ಸಿಕ್ಕಿಸುವ ಚಕ್ರದ ಹಲಗೆ ಅದು. ಹೆಚ್ಚಿನವು 20 ಕೆಜಿವರೆಗೆ ತಡೆಯುತ್ತವೆ. ಬೆಲೆ ಡಬಲ್‌ನ ಎಷ್ಟೋ ಪಾಲು ಕಡಿಮೆ. ತೊಂದರೆ ಎರಡು. ಮಗು ಅದರ ಮೇಲೆ ನಿದ್ದೆ ಮಾಡಲು ಆಗುವುದಿಲ್ಲ, ಮತ್ತು ನಿಮ್ಮ ಕಾಲು ದಾರಿಯುದ್ದಕ್ಕೂ ಹಲಗೆಗೆ ಬಡಿಯುತ್ತದೆ. ಸೀರೆ, ಉದ್ದ ಕುರ್ತಾ ಹಾಕಿದ ದಿನ ಇನ್ನೂ ಕಷ್ಟ. ಪುಟ್ಟ ಸೀಟು ಇರುವ ಬೋರ್ಡ್‌ಗಳೂ ಇವೆ. ನಿಮ್ಮ ಗಾಡಿಗೆ ಹಿಡಿಸುತ್ತದಾ ಎಂದು ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ.

ಚಿಕ್ಕದನ್ನು ಮೈಗೆ ಕಟ್ಟಿಕೊಂಡು, ದೊಡ್ಡದನ್ನು ಸಿಂಗಲ್‌ನಲ್ಲಿ ಕೂರಿಸಿದರೆ?

ಮೊದಲ ನಾಲ್ಕೈದು ತಿಂಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಕೂಸಿಗೂ ಬೆಚ್ಚಗೆ, ಕೈಯೂ ಖಾಲಿ. ಹೊಲಕ್ಕೆ ಹೋಗುವ ಹೆಂಗಸರು ಹಳೆಯ ಸೀರೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದನ್ನು ನೋಡಿದವರಿಗೆ ಇದು ಹೊಸದೂ ಅಲ್ಲ. ಕಟ್ಟು ಬಿಗಿಯಾಗಿರಲಿ. ಮುಖ ಸದಾ ಕಾಣುತ್ತಿರಲಿ. ಬಗ್ಗಿದರೆ ತಲೆಗೆ ಮುತ್ತು ಕೊಡುವಷ್ಟು ಮೇಲಿರಲಿ. ಗಲ್ಲ ಎದೆಗೆ ಒತ್ತದಿರಲಿ, ಬೆನ್ನಿಗೆ ಆಸರೆ ಇರಲಿ. ಸಿಸೇರಿಯನ್ ಗಾಯ ಮಾಗುವವರೆಗೆ ಸೊಂಟದ ಪಟ್ಟಿ ಎಲ್ಲಿ ಒತ್ತುತ್ತದೆ ಎಂದು ನೋಡಿಕೊಳ್ಳಿ. ಎಂಟು ಕೆಜಿ ಆದಮೇಲೆ ಬೆನ್ನೇ ಸಾಕು ಎನ್ನುತ್ತದೆ. ಅಷ್ಟು ಹೊತ್ತಿಗೆ ಡಬಲ್ ಬೇಕಾ ಬೇಡವಾ ಅನ್ನುವುದೂ ತೀರ್ಮಾನವಾಗಿರುತ್ತದೆ.

ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದಾ ಎಂದು ಹೇಗೆ ತಿಳಿಯುವುದು?

ನಿಮ್ಮ ಕಾರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಗಾಡಿಗಳನ್ನೇ ಮಾರುವ ಅಂಗಡಿಗಳಲ್ಲಿ ಹೊರಗೆ ತಂದು ಡಿಕ್ಕಿಯಲ್ಲಿ ಇಟ್ಟು ತೋರಿಸಿ ಎಂದರೆ ಸಾಮಾನ್ಯವಾಗಿ ತೋರಿಸುತ್ತಾರೆ. ತೋರಿಸದಿದ್ದರೆ ಬೇರೆ ಅಂಗಡಿ. ನೀವೇ ಮಡಿಸಿ, ನೀವೇ ಎತ್ತಿ ಹಾಕಿ. ಗಂಡ ಎತ್ತಿದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಗಾಡಿ ಹಿಡಿಸಿದ ಮೇಲೆ ತರಕಾರಿ ಚೀಲಕ್ಕೆ ಜಾಗ ಉಳಿಯಿತಾ ಎಂದೂ ನೋಡಿ. ಚಕ್ರ ಬಿಚ್ಚಿದರೆ ಹಿಡಿಸುತ್ತದೆ ಎಂದು ಸೇಲ್ಸ್‌ನವರು ಹೇಳುತ್ತಾರೆ. ಮಳೆಯಲ್ಲಿ, ಅಳುವ ಎರಡು ಮಕ್ಕಳ ಮುಂದೆ, ಕೆಸರಿನ ಚಕ್ರ ಬಿಚ್ಚುವವರು ಯಾರು?

ಅಂದಹಾಗೆ, ಕೊಡೆಯ ಹಾಗೆ ಮಡಿಸುವ ಹಗುರ ಬಗ್ಗಿಯನ್ನು 1965ರಲ್ಲಿ ರೂಪಿಸಿದವರು ಓವನ್ ಮೆಕ್ಲಾರೆನ್ ಎಂಬ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಕೆಲಸ ಮಾಡಿದ್ದ ತಲೆ. ಮಡಿಸಿ ಒಳಗೆ ಸೇರಿಸುವ ಕಸುಬು ಅವರಿಗೆ ಮೊದಲೇ ಗೊತ್ತಿತ್ತು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಧಾರಾಳವಾಗಿ. ಒಂದೂವರೆ ವರ್ಷ ಬಳಸಿ ಮಾರುವ ಸಾಮಾನು ಇದು, ಹೊಸದಾಗಿದ್ದಾಗ 1,000 ಪೌಂಡ್ ದಾಟುವ ಗಾಡಿಗಳು ಎಷ್ಟೋ ಕಡಿಮೆಗೆ ಸಿಗುತ್ತವೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ತಂದೆತಾಯಂದಿರ ಸಂಸ್ಥೆಯಾದ ಎನ್‌ಸಿಟಿಯವರು ನಡೆಸುವ ಹಳೆಯ ಸಾಮಾನಿನ ಮಾರಾಟ, ಊರಿನ ಕನ್ನಡಿಗರ ವಾಟ್ಸಾಪ್ ಗುಂಪು, ಎಲ್ಲ ಕಡೆ ಕೇಳಿ. ಕಾರ್ ಸೀಟನ್ನು ಮಾತ್ರ ಗೊತ್ತಿಲ್ಲದವರಿಂದ ಕೊಳ್ಳಬೇಡಿ. ಅದು ಅಪಘಾತ ಕಂಡಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ.

ಹೋದಾಗ ಸೀಟಿನ ಬಟ್ಟೆ ನೋಡಬೇಡಿ, ಅದನ್ನು ಒಗೆಯಬಹುದು. ನಾಲ್ಕೈದು ಸಲ ಮಡಿಸಿ ಬಿಚ್ಚಿ. ಬಿಚ್ಚಿದಾಗ ಲಾಕ್ ಟಕ್ ಎಂದು ಕೂರಬೇಕು. ಬ್ರೇಕ್ ಹಾಕಿ ತಳ್ಳಿ ನೋಡಿ. ಐದು ಕಡೆಯಿಂದ ಬಂದು ಸೇರುವ ಬೆಲ್ಟಿನ ಬಕಲ್ ಎರಡೂ ಸೀಟಿನಲ್ಲಿ ಸರಿಯಾಗಿರಬೇಕು. ಮಳೆಯ ಹೊದಿಕೆ, ಜೋಡಿಸುವ ಅಡಾಪ್ಟರ್ ಜೊತೆಗೆ ಕೊಡುತ್ತಾರಾ ಕೇಳಿ. ಬೇರೆಯಾಗಿ ಕೊಂಡರೆ ಅವೇ ದುಬಾರಿ. ಮಾಡೆಲ್ ಹೆಸರು ಹಾಕಿ, ದೋಷವಿದೆ ಎಂದು ಕಂಪನಿಗಳು ವಾಪಸು ಕರೆದ ಗಾಡಿಗಳ ಪಟ್ಟಿಯಲ್ಲಿ ಇದೆಯಾ ಎಂದು ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿ. 2009ರಲ್ಲಿ ಮೆಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳಿಗೆ ಕೀಲಿನ ಹೊದಿಕೆ ಕೊಡಬೇಕಾಯಿತು. ಬಿಚ್ಚುವಾಗ ಮಡಿಸುವ ಕೀಲಿಗೆ ಸಿಕ್ಕಿ ಅಲ್ಲಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. ಗಾಡಿ ಯಾವ ಕಂಪನಿಯದ್ದೇ ಇರಲಿ, ಮಡಿಸುವಾಗ ಬಿಚ್ಚುವಾಗ ದೊಡ್ಡದನ್ನು ದೂರ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ. ‘ನಾನೂ ಮಾಡ್ತೀನಿ’ ಎಂದು ಕೈ ಹಾಕುವ ವಯಸ್ಸು ಅದು.

ಹುಟ್ಟುವ ಮುಂಚೆ ಸಾಮಾನು ತರಬಾರದು ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಅತ್ತೆಯ ಮನಸ್ಸು ನೋಯಿಸದೆಯೂ ದಾರಿ ಇದೆ. ಹಣ ಕಟ್ಟಿದರೆ ಹೆರಿಗೆಯ ತನಕ ಅಂಗಡಿಯಲ್ಲೇ ಇಟ್ಟು ಆಮೇಲೆ ಕಳುಹಿಸುವ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಕಾನೂನಿನ ದಿನಗಳನ್ನು ಮರೆಯಬೇಡಿ. ಆನ್‌ಲೈನ್‌ನಲ್ಲಿ ಕೊಂಡದ್ದು ಇಷ್ಟವಾಗದಿದ್ದರೆ ಕೈಗೆ ಬಂದ 14 ದಿನದೊಳಗೆ ಹೇಳಬೇಕು. ದೋಷ ಇದ್ದರೆ ಪೂರ್ತಿ ಹಣ ವಾಪಸು ಕೇಳಲು 30 ದಿನ. ಅಟ್ಟದ ಮೇಲೆ ಡಬ್ಬಿ ಒಡೆಯದೆ ಮೂರು ತಿಂಗಳು ಇಟ್ಟರೆ ಎರಡೂ ಮುಗಿದಿರುತ್ತವೆ. ಆದ್ದರಿಂದ ತಡವಾಗಿ ತರಿಸಿ, ಬಂದ ದಿನವೇ ಜೋಡಿಸಿ, ದೊಡ್ಡದನ್ನು ಕೂರಿಸಿ ಒಂದು ಸುತ್ತು ಹಾಕಿ.

ದೃಷ್ಟಿಗೆ ಕಪ್ಪು ದಾರ, ಗಂಟೆ ಕಟ್ಟಬಹುದಾ?

ಮಗುವಿಗೆ ಎಟುಕುವಲ್ಲಿ ದಾರ, ಸರ, ಗೊಂಚಲು ಏನೂ ಬೇಡ. ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅಜ್ಜಿಗೆ ಸಮಾಧಾನವಾಗಬೇಕಾದರೆ ಹಿಡಿಯ ಹೊರಬದಿಗೆ, ನಿಮ್ಮ ಕೈ ಇರುವಲ್ಲಿ, ಬಿಗಿಯಾಗಿ ಒಂದು ಸುತ್ತು. ಕೆನ್ನೆಯ ಮೇಲಿನ ಕಾಡಿಗೆ ಬೊಟ್ಟು ಇದ್ದೇ ಇರುತ್ತದಲ್ಲ. ಹಿಡಿಗೆ ಭಾರದ ಚೀಲ ನೇತುಹಾಕುವುದೂ ಬೇಡ. ಮಗುವನ್ನು ಎತ್ತಿದ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ಬಿಸಿಲಿಗೆ ಮೇಲೆ ತೆಳು ಬಟ್ಟೆ ಹೊದಿಸಿದರೆ?

ಬೇಡ. ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ, ಮಗುವೂ ಕಾಣುವುದಿಲ್ಲ. ಗಾಡಿಗೆ ಸಿಕ್ಕಿಸುವ ಕೊಡೆ ಇಲ್ಲವೇ ನೆರಳಿನ ಚಾಚು ಬಳಸಿ. ಮಳೆಯ ಹೊದಿಕೆಯನ್ನು ಬಸ್ಸು, ಅಂಗಡಿಯೊಳಗೆ ಹೋದ ಕೂಡಲೇ ತೆಗೆಯಿರಿ.

ದೊಡ್ಡವನು ‘ಅದು ನನ್ನ ಸೀಟು’ ಎಂದು ಹಟ ಹಿಡಿದರೆ?

ಹಿಡಿಯುತ್ತಾನೆ. ಕೂಸು ಬರುವ ಒಂದೆರಡು ವಾರ ಮುಂಚೆಯೇ ಹೊಸ ಗಾಡಿಯಲ್ಲಿ ಅವನ ಸೀಟು ಯಾವುದು ಎಂದು ಅವನೇ ಆರಿಸಲಿ, ಪಕ್ಕದ್ದರಲ್ಲಿ ಗೊಂಬೆಯೋ ಕರಡಿಯೋ ಕೂತು ಓಡಾಡಲಿ. ಹಳೆಯ ಗಾಡಿಯನ್ನು ಕೂಸಿಗೆ ಕೊಟ್ಟು ಅವನನ್ನು ಬೋರ್ಡಿಗೆ ಇಳಿಸಿದರೆ ಗಲಾಟೆ ಜಾಸ್ತಿ. ಹೊಸದು ಅವನದ್ದು, ಅದರಲ್ಲಿ ಪಾಪುವಿಗೂ ಜಾಗ ಕೊಟ್ಟಿದ್ದಾನೆ ಅನ್ನುವಂತೆ ನಡೆಸಿಕೊಂಡು ಹೋಗಿ.

ರಜೆಗೆ ಊರಿಗೆ ಹೋಗುವಾಗ ಡಬಲ್ ಒಯ್ಯಲಾ?

ಬೇಡ ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯಂಥ ಕಡೆ ಫುಟ್‌ಪಾತ್ ಅಗಲವಿದೆ, ಲಾಲ್‌ಬಾಗ್, ಮಾಲ್‌ಗಳಲ್ಲಿ ಓಡಿಸಬಹುದು. ಮನೆಯಿಂದ ಅಲ್ಲಿಯವರೆಗಿನ ದಾರಿಯಲ್ಲಿ ಏರಿದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್. ದೇವಸ್ಥಾನದಲ್ಲಿ ಮೆಟ್ಟಿಲು. ಊರಿನಲ್ಲಿ ಹೇಗೂ ಮಗು ನೆಲ ಮುಟ್ಟುವುದೇ ಅಪರೂಪ, ಕೈಯಿಂದ ಕೈಗೆ ಹೋಗುತ್ತಿರುತ್ತದೆ. ವಿಮಾನ ನಿಲ್ದಾಣದ ಉದ್ದ ನಡಿಗೆಗೆ ಒಂದು ಹಗುರ ಸಿಂಗಲ್, ಚಿಕ್ಕದಕ್ಕೆ ಮೈಗೆ ಕಟ್ಟುವ ಬಟ್ಟೆ, ಅಷ್ಟೇ ಸಾಕು.

ಗೇಟ್‌ನಲ್ಲಿ ಗಾಡಿ ಒಪ್ಪಿಸುವಾಗ ಇಳಿದ ಮೇಲೆ ಬಾಗಿಲಲ್ಲಿ ಸಿಗುತ್ತದಾ, ಬೆಲ್ಟಿಗೆ ಬರುತ್ತದಾ ಎಂದು ಕೇಳಿ. ಒಪ್ಪಿಸುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಮುರಿದು ಬಂದರೆ ನಿಲ್ದಾಣ ಬಿಡುವ ಮುಂಚೆಯೇ ವಿಮಾನ ಕಂಪನಿಯ ಕೌಂಟರಿನಲ್ಲಿ ವರದಿ ಬರೆಸಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜಿಗೆ ಆದ ಹಾನಿಯ ದೂರನ್ನು ಬರವಣಿಗೆಯಲ್ಲಿ 7 ದಿನದೊಳಗೆ ಕೊಡಬೇಕು.

ಕೊನೆಗೆ, ಯಾವ ಕಂಪನಿಯದ್ದು ಕೊಳ್ಳಲಿ?

ಬಾಗಿಲ ಅಳತೆ, ಡಿಕ್ಕಿಯ ಅಳತೆ, ದಿನದ ದಾರಿ, ಎರಡೂ ಮಕ್ಕಳ ತೂಕ. ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿರುವ ಮುಕ್ಕಾಲು ಗಾಡಿಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದ ಎರಡು ಮೂರರಲ್ಲಿ ಬಿಡಿಭಾಗ ಸುಲಭವಾಗಿ ಸಿಗುವುದನ್ನು ಆರಿಸಿ.

ಡಬಲ್ ಬಂದ ಮೇಲೆ ಹಳೆಯ ಸಿಂಗಲ್ ಮಾರಿಬಿಡಲಾ?

ಸದ್ಯಕ್ಕೆ ಬೇಡ. ದೊಡ್ಡದು ನರ್ಸರಿಗೆ ಹೋದ ದಿನ ಚಿಕ್ಕದನ್ನು ಜಿಪಿಗೆ ಕರೆದೊಯ್ಯಲು, ಶನಿವಾರ ಅಪ್ಪ ಒಂದನ್ನು, ನೀವು ಒಂದನ್ನು ಕರೆದುಕೊಂಡು ಬೇರೆ ಬೇರೆ ಕಡೆ ಹೋಗಲು ಅದೇ ಬೇಕಾಗುತ್ತದೆ. ಡಬಲ್‌ನ ಚಕ್ರ ರಿಪೇರಿಗೆ ಹೋದ ವಾರಕ್ಕೂ.